ಔಷಧಿ ಹೊಡೆಯೋರು ನೀವು, ಅಂಗಿ ಒಗೆಯೋರು ಯಾರು?

ಕೀಟನಾಶಕದ ಡಬ್ಬಿ ಕೈಗೆ ಬಂದಾಗ ನಾವು ನೋಡೋದು ತ್ರಿಕೋನದ ಬಣ್ಣ. ಕೆಂಪು ಅಂದ್ರೆ ಭಾರಿ ವಿಷ, ಹಸಿರು ಅಂದ್ರೆ ಪರವಾಗಿಲ್ಲ ಅನ್ನೋ ಲೆಕ್ಕ. ಆ ಬಣ್ಣ ಹೇಳೋದು ಇಷ್ಟೇ: ಒಮ್ಮೆಲೇ ಹೊಟ್ಟೆಗೆ ಹೋದರೆ, ಮೈಗೆ ತಗುಲಿದರೆ ಎಷ್ಟು ಪ್ರಮಾಣ ಪ್ರಾಣ ತೆಗೆಯುತ್ತೆ ಅಂತ. ಹತ್ತು ವರ್ಷ ಸ್ವಲ್ಪ ಸ್ವಲ್ಪವೇ ಮೈ ಸೇರಿದರೆ ಏನಾಗುತ್ತೆ ಅನ್ನೋದು ಅದರಲ್ಲಿಲ್ಲ.

ಕೆಲವು ರಾಸಾಯನಿಕಗಳು ದೇಹದೊಳಗೆ ಹಾರ್ಮೋನಿನಂತೆ ವರ್ತಿಸುತ್ತವೆ. ಡಿಡಿಟಿ, 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ ಎಂಡೋಸಲ್ಫಾನ್ ಈ ಜಾತಿಯವು. ಹೆಂಗಸರ ಈಸ್ಟ್ರೋಜನ್ ಹಾರ್ಮೋನು ಸ್ತನದ ಜೀವಕೋಶ ಬೆಳೆಯುವಂತೆ ಮಾಡುತ್ತೆ. ಅದರ ಪ್ರಭಾವ ಹೆಚ್ಚಿದಷ್ಟೂ ಕ್ಯಾನ್ಸರ್ ಸಾಧ್ಯತೆ ಹೆಚ್ಚು. ಅದನ್ನೇ ಹೋಲುವ ವಿಷ ಹೊರಗಿಂದ ಬಂದರೆ?

ಕೆನಡಾದ ದಕ್ಷಿಣ ಒಂಟಾರಿಯೋದಲ್ಲಿ ಸ್ತನ ಕ್ಯಾನ್ಸರ್ ಬಂದ ಸಾವಿರಕ್ಕೂ ಹೆಚ್ಚು ಹೆಂಗಸರನ್ನೂ, ಬಾರದ ಸಾವಿರಕ್ಕೂ ಹೆಚ್ಚು ಹೆಂಗಸರನ್ನೂ ಕೂರಿಸಿ, ಜೀವಮಾನದಲ್ಲಿ ಏನೇನು ಕೆಲಸ ಮಾಡಿದಿರಿ ಅಂತ ಕೇಳಿದರು. 2012ರಲ್ಲಿ ಫಲಿತಾಂಶ ಬಂತು. ಕೃಷಿ ಕೆಲಸ ಮಾಡಿದವರಲ್ಲಿ ಸಾಧ್ಯತೆ ಸುಮಾರು ಶೇ. 36 ಹೆಚ್ಚು. ಇಂಥದ್ದೇ ಔಷಧಿಯಿಂದ ಬಂತು ಅಂತ ಇದರಿಂದ ಬೆರಳು ತೋರಿಸೋಕಾಗಲ್ಲ. ವಯಸ್ಸು, ಮನೆತನ, ತೂಕ ಎಲ್ಲವೂ ಕಾರಣವೇ. ಆದರೆ ಪೂರ್ತಿ ಸಾಬೀತಾಗಲಿ ಅಂತ ಕಾಯೋದು ನನಗೆ ಸರಿ ಕಾಣಲ್ಲ.

ನನ್ನ ತಕರಾರು ಇಷ್ಟು. ತರಬೇತಿ, ಮಾಸ್ಕ್, ಗ್ಲೌಸ್ ಎಲ್ಲ ಬೆನ್ನಿಗೆ ಪಂಪು ಕಟ್ಟಿದವನಿಗೆ. ಬಕೆಟ್‌ನಲ್ಲಿ ನೀರು ತಂದು ಕಲಸಿ ಕೊಟ್ಟವಳು ಯಾರು? ಮಾರನೇ ದಿನ ಅದೇ ಸಾಲಿನಲ್ಲಿ ಬಗ್ಗಿ ಕಳೆ ಕಿತ್ತವರು, ಹತ್ತಿ ಬಿಡಿಸಿದವರು ಯಾರು? ನಿಮ್ಮ ಅಂಗಿಯನ್ನ ಮಕ್ಕಳ ಬಟ್ಟೆ ಜೊತೆ ಒಗೆದವಳು? ಅವರ ಬೆನ್ನ ಮೇಲೆ ಪಂಪಿಲ್ಲ, ಹಂಗಾಗಿ ಯಾರ ಲೆಕ್ಕಕ್ಕೂ ಬರಲ್ಲ.

ಕೂಲಿಗೆ ಕರೆಯೋಕೆ ಮೊದಲು ಯಾವ ಔಷಧಿ, ಯಾವತ್ತು ಹೊಡೆದಿದ್ದೀವಿ ಅಂತ ಹೇಳಿ. ಡ್ರೋನ್ ವಿಡಿಯೋ ಸ್ಟೇಟಸ್‌ಗೆ ಹಾಕ್ತೀರಲ್ಲ, ಲೇಬಲ್ ಫೋಟೋ ವಾಟ್ಸಾಪ್‌ನಲ್ಲಿ ಕಳಿಸೋಕೆ ಏನು ಕಷ್ಟ? ಎಲೆ ಪೂರ್ತಿ ಒಣಗೋ ತನಕ ಯಾರನ್ನೂ ಹೊಲಕ್ಕೆ ಇಳಿಸಬೇಡಿ; ಲೇಬಲ್ ಹೆಚ್ಚು ದಿನ ಹೇಳಿದ್ದರೆ ಅಷ್ಟು ದಿನ. ಬೆಳಗಿನ ಇಬ್ಬನಿಗೆ ಎಲೆ ಮೇಲಿನ ವಿಷ ಮತ್ತೆ ಒದ್ದೆಯಾಗಿ ಕೈಗೆ ಹತ್ತುತ್ತೆ, ಅದೂ ನೆನಪಿರಲಿ. ಔಷಧಿ ಹೊಡೆದ ಬಟ್ಟೆ ಬೇರೆ ಇಡಿ, ಗ್ಲೌಸ್ ಹಾಕಿ ನೀವೇ ಒಗೀರಿ. ಇದರಲ್ಲಿ ಗಂಡಸುತನ ಹೋಗೋದೇನಿಲ್ಲ.

ಬಸುರಿಯರನ್ನೂ ಬೆಳೆಯೋ ಹೆಣ್ಣುಮಕ್ಕಳನ್ನೂ ಔಷಧಿ ಹತ್ತಿರವೇ ಬಿಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 14 ತುಂಬೋ ಮೊದಲೇ ಡಿಡಿಟಿ ಸೋಕಿ, ರಕ್ತದಲ್ಲಿ ಅದರ ಅಂಶ ಹೆಚ್ಚಿದ್ದವರಿಗೆ ಮುಂದೆ ಸ್ತನ ಕ್ಯಾನ್ಸರ್ ಅಪಾಯ ಸುಮಾರು ಐದು ಪಟ್ಟು. ರಜೆಯಲ್ಲಿ "ಸ್ವಲ್ಪ ಪೈಪ್ ಹಿಡ್ಕೊ" ಅಂತ ಮಗಳನ್ನೋ ತಂಗಿಯನ್ನೋ ಕರೆಯೋದು ಇನ್ನು ಸಾಕು.

ಮೂವತ್ತು ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸ್ತನ ತಪಾಸಣೆ ಉಚಿತ. ಊರಿನ ಆಶಾ ಕಾರ್ಯಕರ್ತೆಯನ್ನ ಕೇಳಿದರೆ ದಿನ ಹೇಳ್ತಾರೆ. ಅವ್ವನನ್ನ, ಅಕ್ಕನನ್ನ ಬೈಕ್‌ನಲ್ಲಿ ಕರ್ಕೊಂಡು ಹೋಗಿ. ಗಂಟು ಕೈಗೆ ಸಿಕ್ಕಿದ್ದರೆ ವಯಸ್ಸು ನೋಡಬೇಡಿ, ಅದೇ ವಾರ ಡಾಕ್ಟರ್‌ಗೆ ತೋರಿಸಿ.