ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡದ ಸರ್ವರ್

ಸೀರೆಯ ಅಂಚು ಸೆರಗುಗಳ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ಬರೆದು ಅಟ್ಟೆಗಳಿಗೆ ತೂತು ಹೊಡೆಯುತ್ತಿದ್ದ ಕಾಲವು ಹಿಂದೆ ಸರಿಯುತ್ತ, ಆ ನಕ್ಷೆಯೇ ಕಂಪ್ಯೂಟರಿನ ಕಡತವಾಗಿ ಜಕಾರ್ಡ್ ಮಗ್ಗದವರೆಗೆ ಹೋಗತೊಡಗಿರುವ ಸೇಲಂ ಸೀಮೆಯಲ್ಲಿ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ದೇವಾಂಗ ನೇಕಾರರ ಅಂಗಡಿಗಳಿಗೂ, 1965ರಲ್ಲಿ ಸೇಲಂನಿಂದ ಬೇರ್ಪಟ್ಟು ಜಿಲ್ಲೆಯಾದ ಧರ್ಮಪುರಿಯ ಸಣ್ಣ ಕಚೇರಿಗಳಿಗೂ ಸಮಾನವಾದ ಒಂದು ಕ್ಲೇಶವುಂಟು. ಲಿನಕ್ಸ್ ಸರ್ವರಿನಲ್ಲಿ ಎಲ್ಲರಿಗೂ ಸೇರಿದ ಫೋಲ್ಡರ್ ಇರುತ್ತದೆ, ವಿಂಡೋಸ್ ಕಂಪ್ಯೂಟರಿಗೆ ಅದು ಕಾಣುತ್ತಲೂ ಇರುತ್ತದೆ. ಪಾಸ್‌ವರ್ಡ್ ಹೊಡೆದೊಡನೆ ಮಾತ್ರ ಹೆಸರೋ ಪಾಸ್‌ವರ್ಡೋ ತಪ್ಪೆಂಬ ಉತ್ತರ ಬರುತ್ತದೆ.

ಈ ಎರಡು ವ್ಯವಸ್ಥೆಗಳ ಸಹವಾಸ ಇಲ್ಲಿ ಹೊಸದೇನಲ್ಲ. ತಮಿಳುನಾಡು ಸರ್ಕಾರವು 2011ರಲ್ಲಿ ವಿದ್ಯಾರ್ಥಿಗಳಿಗೆ ಹಂಚತೊಡಗಿದ ಲ್ಯಾಪ್‌ಟಾಪುಗಳಲ್ಲಿ ವಿಂಡೋಸಿನ ಜೊತೆಗೆ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್ ಸಹ ಇದ್ದಿತು. ಲಿನಕ್ಸಿನ ಹೆಸರನ್ನೇ ಕೇಳದವರ ಮೇಜಿನ ಮೇಲೆ ಕೂತು ಜಾಲದ ಮೂಲಕ ಕಡತಗಳನ್ನು ಹಂಚುವ ನ್ಯಾಸ್ ಪೆಟ್ಟಿಗೆಯೊಳಗೂ ಸಾಮಾನ್ಯವಾಗಿ ಅದೇ ಇರುವುದಷ್ಟೆ.

ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಹೊರತಂದ, ಮುಂದೆ ಸಾಂಬಾ ಎಂಬ ಹೆಸರು ಪಡೆದ ತಂತ್ರಾಂಶವೇ ಲಿನಕ್ಸ್ ಮತ್ತು ವಿಂಡೋಸುಗಳ ನಡುವಣ ಮಧ್ಯಸ್ಥ. ಈ ಮಧ್ಯಸ್ಥನು ಸಾಮಾನ್ಯವಾಗಿ ಲಿನಕ್ಸಿನ ಪಾಸ್‌ವರ್ಡ್ ಪಟ್ಟಿಯನ್ನು ನಂಬದೆ ತನ್ನದೇ ಆದ ಬೇರೊಂದು ಪಟ್ಟಿಯನ್ನು ಇಟ್ಟುಕೊಳ್ಳುವುದರಿಂದ, ಸರ್ವರಿನಲ್ಲಿ ಹೊಸ ಖಾತೆ ತೆರೆದ ಮಾತ್ರಕ್ಕೆ ಕೆಲಸ ಮುಗಿಯದು. ಅದೇ ಹೆಸರನ್ನು ಸಾಂಬಾದ ಪಟ್ಟಿಗೂ ಪ್ರತ್ಯೇಕವಾಗಿ ಸೇರಿಸತಕ್ಕದ್ದು. ಇತ್ತ ವಿಂಡೋಸಿನ ಕಡೆಯಲ್ಲಿ, ದಿನವೂ ನಾಲ್ಕಂಕಿಯ ಪಿನ್ ಹೊಡೆದು ಯಂತ್ರವನ್ನು ತೆರೆಯುವ ಗುಮಾಸ್ತನು ಅದನ್ನೇ ಪಾಸ್‌ವರ್ಡೆಂದು ಭಾವಿಸಿರುವುದು ಸ್ವಾಭಾವಿಕ. ಆ ಪಿನ್ ಆ ಯಂತ್ರಕ್ಕೆ ಮಾತ್ರ ಸೇರಿದುದು, ಅನ್ಯ ಸರ್ವರಿನಲ್ಲಿ ಅದಕ್ಕೆ ಬೆಲೆಯಿಲ್ಲ. ಹಳೆಯ ಪಾಸ್‌ವರ್ಡನ್ನು ವಿಂಡೋಸ್ ತನ್ನ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಉಳಿಸಿಕೊಂಡು ಬೆನ್ನ ಹಿಂದೆ ಅದನ್ನೇ ಮತ್ತೆ ಮತ್ತೆ ಕಳುಹಿಸುವುದೂ ಉಂಟು. ಒಂದೇ ಸರ್ವರಿಗೆ ಒಂದೇ ವೇಳೆಯಲ್ಲಿ ಎರಡು ಹೆಸರುಗಳಿಂದ ಪ್ರವೇಶ ಕೇಳಿದರಂತೂ ವಿಂಡೋಸೇ ಎರಡನೆಯದನ್ನು ನಿರಾಕರಿಸುತ್ತದೆ. ಇಷ್ಟನ್ನು ಪರೀಕ್ಷಿಸಲು ತಾಳ್ಮೆ ಬೇಕೇ ಹೊರತು ಪಾಂಡಿತ್ಯ ಬೇಕಿಲ್ಲ.

ಆದರೆ ನಡೆಯುತ್ತಿರುವುದು ಬೇರೆ. ರಿಪೇರಿಗೆಂದು ಬಂದವನು ಕಾರಣವನ್ನು ಹುಡುಕುವ ಗೋಜಿಗೆ ಹೋಗದೆ, ಎಸ್‌ಎಂಬಿ-1 ಎಂಬ, ಕಡತ ಹಂಚಿಕೆಯ ಜೀರ್ಣ ಪದ್ಧತಿಯನ್ನು ಪುನಃ ಚಾಲನೆಗೆ ತಂದು, ಪಾಸ್‌ವರ್ಡೇ ಬೇಡದಂತೆ ಫೋಲ್ಡರನ್ನು ಎಲ್ಲರಿಗೂ ತೆರೆದಿಟ್ಟು, ಹಣವೆಣಿಸಿಕೊಂಡು ಹೊರಡುತ್ತಾನೆ. ಯಜಮಾನರು ಕೆಲಸವಾಯಿತೆಂದು ಸಂತುಷ್ಟರಾಗುತ್ತಾರೆ. 2017ರ ಮೇ ತಿಂಗಳಲ್ಲಿ ಲೋಕವನ್ನೇ ತಲ್ಲಣಗೊಳಿಸಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶವು ಹಬ್ಬಿದುದು ಈ ಎಸ್‌ಎಂಬಿ-1ರ ಲೋಪದ ಮೂಲಕವೇ. ಮೈಕ್ರೋಸಾಫ್ಟ್ ಅದಕ್ಕೆ ಎರಡು ತಿಂಗಳ ಮುಂಚೆಯೇ ಪರಿಹಾರ ಕೊಟ್ಟಿದ್ದರೂ ಹಾಕಿಕೊಳ್ಳದವರ ಕಡತಗಳಿಗೆ ಬೀಗ ಬಿದ್ದಿತು. ಸಾಂಬಾ 2019ರಲ್ಲಿ ಆ ಪದ್ಧತಿಯನ್ನು ತಾನಾಗಿಯೇ ನಡೆಯದಂತೆ ಮಾಡಿತು. 2024ರ ವಿಂಡೋಸ್ 11ರ ಪ್ರೊ ಆವೃತ್ತಿಯು ಪಾಸ್‌ವರ್ಡಿಲ್ಲದ ಅತಿಥಿ ಪ್ರವೇಶವನ್ನೂ ಡಿಜಿಟಲ್ ಸಹಿಯಿಲ್ಲದ ಸಂಪರ್ಕವನ್ನೂ ತಿರಸ್ಕರಿಸುವ ನಿಯಮದೊಡನೆ ಬಂದಿತು. ನಿನ್ನೆಯವರೆಗೆ ನಡೆಯುತ್ತಿದ್ದ ಹಳೆಯ ನ್ಯಾಸ್ ಪೆಟ್ಟಿಗೆ ಇದ್ದಕ್ಕಿದ್ದಂತೆ ಮುನಿಸಿಕೊಂಡರೆ ಅದಕ್ಕೆ ಕಾರಣ ಬಹುಮಟ್ಟಿಗೆ ಇದೇ. ಅಂತಹ ಪೆಟ್ಟಿಗೆಯ ತಂತ್ರಾಂಶವನ್ನು ನವೀಕರಿಸಬೇಕು. ಅದು ಸಾಧ್ಯವಾಗದಿದ್ದರೆ ಪೆಟ್ಟಿಗೆಯನ್ನೇ ಬದಲಿಸಬೇಕು. ಅದರ ಅನುಕೂಲಕ್ಕಾಗಿ ಹೊಸ ಯಂತ್ರದ ರಕ್ಷಣೆಯನ್ನು ಕಳಚುವುದು, ನನ್ನ ದೃಷ್ಟಿಯಲ್ಲಿ, ಕೆಲಸಗಳ್ಳತನ.

ವರ್ಷಗಳ ನಕ್ಷೆಗಳು, ಸಾಲದ ಲೆಕ್ಕಗಳು, ಕೂಲಿಯ ಪಟ್ಟಿಗಳು ಆ ಒಂದು ಫೋಲ್ಡರಿನಲ್ಲಿಯೇ ಇರುತ್ತವೆ. ಆದುದರಿಂದ ಅಂಗಡಿಯ ಯಜಮಾನರಲ್ಲಿ ನನ್ನ ವಿನಂತಿಯಿಷ್ಟೇ: ಮುಂದಿನ ಸಲ ರಿಪೇರಿಯಾದ ಮೇಲೆ, ಹಣ ಕೊಡುವ ಮುನ್ನ, ಪಾಸ್‌ವರ್ಡ್ ಹೊಡೆಯದೆಯೇ ಆ ಫೋಲ್ಡರ್ ತೆರೆಯುತ್ತದೆಯೇ ಎಂದು ಉಳಿಸಿದ ಪಾಸ್‌ವರ್ಡಿಲ್ಲದ ಬೇರೊಂದು ಕಂಪ್ಯೂಟರಿನಿಂದ ನೀವೇ ಪರೀಕ್ಷಿಸಿ, ತೆರೆದುಕೊಂಡರೆ ರಿಪೇರಿಯವನನ್ನು ಮತ್ತೆ ಕೂರಿಸಿ ಕೆಲಸ ಮಾಡಿಸಿ.