ನೋವಿಗೆ ಮದ್ದು, ಮದ್ದಿಗೆ ನೋವು

ರಾಜಧಾನಿಯ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಇಂದು ಮೂರು ತಲೆಮಾರುಗಳು ಒಟ್ಟಿಗೆ ಬಾಳುತ್ತಿವೆ. ನೌಕರಿಗೆಂದು ಬಂದವರು ನಿವೃತ್ತಿಯ ದಿನ ಎಣಿಸುತ್ತಿದ್ದಾರೆ. ಅವರ ಮಕ್ಕಳು ಹಿಂದಿ, ಇಂಗ್ಲಿಷಿನಲ್ಲಿ ಓದಿ ಬೆಳೆದಿದ್ದಾರೆ. ಊರಿನ ಮನೆಗೆ ಬೀಗ ಹಾಕಿ ಬಂದ ತಂದೆತಾಯಿಗಳು ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಹಾಸಿಗೆ ಹಿಡಿದಿದ್ದಾರೆ. ಈ ಹಿರಿಯರ ತಲೆದಿಂಬಿನ ಬಳಿ ಇರುವ ನೋವಿನ ಮಾತ್ರೆಗಳ ಬಗ್ಗೆ, ಅದಕ್ಕಿಂತ ಮಿಗಿಲಾಗಿ ಆ ಮಾತ್ರೆಗಳ ವಿಷಯದಲ್ಲಿ ನಮ್ಮವರು ನಡೆದುಕೊಳ್ಳುವ ರೀತಿಯ ಬಗ್ಗೆ, ನಾಲ್ಕು ಕಟುವಾದ ಮಾತುಗಳನ್ನು ಆಡದೆ ಗತ್ಯಂತರವಿಲ್ಲ.

ನಾವು ವೈದ್ಯರಲ್ಲ. ಕಡತಗಳ ನಡುವೆ ಕಾಲ ಕಳೆಯುವ ಸರ್ಕಾರಿ ಗುಮಾಸ್ತರು. ಆದರೆ ಕಾಲೇಜಿನಲ್ಲಿ ಓದಿದ ಅಷ್ಟಿಷ್ಟು ವಿಜ್ಞಾನವು ಕಾರಣ ಕೇಳದೆ ಕಾರ್ಯವನ್ನು ಒಪ್ಪಬಾರದೆಂಬ ಒಂದು ಅಭ್ಯಾಸವನ್ನಂತೂ ನಮಗೆ ಬಿಟ್ಟುಹೋಗಿದೆ.

ನಮ್ಮ ಮನೆಗಳಲ್ಲಿ ಒಂದು ಸುಲಭದ ಲೆಕ್ಕ ನಡೆಯುತ್ತಿದೆ. ಒಂದು ಮಾತ್ರೆಗೆ ನೋವು ಬಗ್ಗದಿದ್ದರೆ ಎರಡು. ಎರಡಕ್ಕೂ ಬಗ್ಗದಿದ್ದರೆ ಮೂರು. ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ಮಾತ್ರೆಯಲ್ಲೂ ಈ ಲೆಕ್ಕ ಅಪಾಯಕರವೇ. ಆದರೆ ಅಫೀಮಿನ ಬಳಗಕ್ಕೆ ಸೇರಿದ ಮಾರ್ಫಿನ್, ಫೆಂಟನಿಲ್, ಕೋಡೀನ್, ಟ್ರಮಡಾಲ್, ಟಪೆಂಟಡಾಲ್ ಮೊದಲಾದವುಗಳಲ್ಲಿ ಲೆಕ್ಕವೇ ತಲೆಕೆಳಗಾಗುವ ಸಂದರ್ಭವುಂಟು. ಈ ಔಷಧಗಳನ್ನು ಹೆಚ್ಚು ಪ್ರಮಾಣದಲ್ಲಿ, ದೀರ್ಘಕಾಲ ತೆಗೆದುಕೊಂಡ ಕೆಲವರಲ್ಲಿ ದೇಹವು ನೋವಿಗೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ವೈದ್ಯರು ಇದನ್ನು ಹೈಪರಾಲ್ಜೀಸಿಯ ಎನ್ನುತ್ತಾರೆ. ನಾವು ಅತಿವೇದನೆ ಎನ್ನೋಣ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ನೋವನ್ನು ಕಾಯಬೇಕಾದ ಮದ್ದೇ ನೋವನ್ನು ಬೆಳೆಸುತ್ತದೆ.

ಇದು ನಿನ್ನೆ ಮೊನ್ನೆ ಕಂಡ ಸಂಗತಿಯಲ್ಲ. ಜ್ವರ ನೋಡುವ ಪುಟ್ಟ ಥರ್ಮಾಮೀಟರನ್ನು ರೂಪಿಸಿದ ಇಂಗ್ಲೆಂಡಿನ ವೈದ್ಯ ಕ್ಲಿಫರ್ಡ್ ಆಲ್ಬಟ್ ಅವರು 1870ರಲ್ಲಿಯೇ, ಮಾರ್ಫಿನ್ ಚುಚ್ಚುಮದ್ದು ಶಮನ ಮಾಡಬೇಕಾದ ನೋವನ್ನೇ ಪೋಷಿಸುತ್ತಿದೆಯೇ ಎಂಬ ಸಂಶಯವನ್ನು ಬರೆದು ಪ್ರಕಟಿಸಿದ್ದರು. ಆ ಬಳಿಕ ಪ್ರಯೋಗಗಳೂ ನಡೆದವು. ಮೆಥಡೋನ್ ಎಂಬ ಇದೇ ಬಳಗದ ಔಷಧವನ್ನು ಬಹುಕಾಲ ಸೇವಿಸುತ್ತಿರುವವರು ಹಿಮದಂತೆ ತಣ್ಣಗಿರುವ ನೀರಿನಲ್ಲಿ ಕೈಯಿಟ್ಟರೆ ಉಳಿದವರಿಗಿಂತ ಬೇಗ ತಡೆಯಲಾರದೆ ಕೈ ತೆಗೆದುಬಿಡುತ್ತಾರೆ.

ಇದಕ್ಕೆ ಕಾರಣ ಬೆನ್ನುಹುರಿಯಲ್ಲಿಯೂ ಮಿದುಳಿನಲ್ಲಿಯೂ ಇದೆ. ನಮಗೆ ಪರಿಚಯವಾದ ಕಚೇರಿಯ ಉದಾಹರಣೆಯನ್ನೇ ಕೊಡುವುದಾದರೆ, ಕೆಳಗಿನ ವಿಭಾಗದಿಂದ ಬರುವ ಅರ್ಜಿಗಳನ್ನೆಲ್ಲ ಮೇಲಿನವರು ತಿಂಗಳುಗಟ್ಟಲೆ ತಡೆಹಿಡಿದರೆ ಏನಾಗುತ್ತದೆ? ಕೆಳಗಿನವರು ಸುಮ್ಮನಿರುವುದಿಲ್ಲ. ಜ್ಞಾಪನದ ಮೇಲೆ ಜ್ಞಾಪನ ಕಳಿಸುತ್ತಾರೆ. ಕಡೆಗೆ ಕ್ಷುಲ್ಲಕ ವಿಷಯಕ್ಕೂ ‘ತುರ್ತು’ ಎಂಬ ಮೊಹರು ಬೀಳುತ್ತದೆ. ಔಷಧವು ನೋವಿನ ಸಂದೇಶವನ್ನು ಬಹುಕಾಲ ತಡೆದಾಗ ನರಮಂಡಲವೂ ಹಾಗೆಯೇ ನಡೆದುಕೊಳ್ಳುತ್ತದೆ. ಗ್ಲುಟಮೇಟ್ ಎಂಬ ರಾಸಾಯನಿಕದ ಮೂಲಕ ನಡೆಯುವ ಸಂದೇಶವಹನ ಚುರುಕಾಗುತ್ತದೆ, ಬರಿಯ ಸ್ಪರ್ಶವೂ ನೋವಿನ ಮೊಹರು ಹೊತ್ತು ಮಿದುಳಿಗೆ ಹೋಗುತ್ತದೆ.

ಔಷಧ ಒಗ್ಗಿಹೋಗುವುದು ಬೇರೆ, ಇದು ಬೇರೆ. ಒಗ್ಗಿಹೋದಾಗ ನೋವು ಹಳೆಯ ಜಾಗದಲ್ಲೇ ಇರುತ್ತದೆ, ಪ್ರಮಾಣ ಹೆಚ್ಚಿಸಿದರೆ ತಗ್ಗುತ್ತದೆ. ಅತಿವೇದನೆಯಲ್ಲಿ ನೋವು ಹಳೆಯ ಜಾಗ ಬಿಟ್ಟು ಹರಡುತ್ತದೆ, ಅದರ ಸ್ವರೂಪ ಬದಲಾಗುತ್ತದೆ, ಮುಟ್ಟಿದರೂ ನೋಯುತ್ತದೆ, ಪ್ರಮಾಣ ಹೆಚ್ಚಿಸಿದಷ್ಟೂ ಬಿಗಡಾಯಿಸುತ್ತದೆ. ಇನ್ನು ಮೂಲರೋಗವೇ ಉಲ್ಬಣಿಸಿದ್ದರೆ ಅದು ಮೂರನೆಯ ಸಂಗತಿ. ಈ ಮೂರರಲ್ಲಿ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಆದರೆ ಯಾವ ಆಧಾರದ ಮೇಲೆ? ರೋಗಿಯ ನೋವನ್ನು ಕ್ಷಕಿರಣ ಯಂತ್ರ ಹಿಡಿಯಲಾರದು, ರಕ್ತಪರೀಕ್ಷೆಯೂ ಹೇಳಲಾರದು. ಅದಕ್ಕೆ ಮುಖ್ಯ ಆಧಾರ ರೋಗಿ ಆಡುವ ಮಾತು.

ನಮ್ಮ ತಕರಾರಿರುವುದು ಇಲ್ಲಿಯೇ. ಆ ಮಾತನ್ನು ನಾವು ಡಾಕ್ಟರಿಗೆ ತಲುಪಿಸುತ್ತಿದ್ದೇವೆಯೇ? ‘ಮೊದಲು ಮೊಣಕಾಲು ಸಿಡೀತಿತ್ತು, ಈಗ ಮೈಯೆಲ್ಲಾ ಉರಿ, ಸೀರೆ ನೆರಿಗೆ ತಾಗಿದ್ರೂ ತಡೆಯೋಕಾಗಲ್ಲ’ ಎಂದು ತಾಯಿ ಹೇಳುತ್ತಾಳೆ. ಪಕ್ಕದಲ್ಲಿ ನಿಂತ ಮಗ ಕೈಗಡಿಯಾರ ನೋಡುತ್ತ, ‘ದರ್ದ್ ಬಢ್ ಗಯಾ ಹೈ’ ಎಂದು ಮುಗಿಸುತ್ತಾನೆ. ಜಾಗ ಬದಲಾದದ್ದು, ಸ್ವರೂಪ ಬದಲಾದದ್ದು, ಬಟ್ಟೆ ತಾಗಿದರೂ ನೋಯುವುದು, ಹೀಗೆ ರೋಗನಿದಾನಕ್ಕೆ ಬೇಕಾದ ಮೂರು ಸುಳಿವುಗಳೂ ಆ ನಾಲ್ಕು ಪದಗಳಲ್ಲಿ ಅಳಿಸಿಹೋದವು. ನೋವು ಹೆಚ್ಚಾಗಿದೆ ಎಂದಷ್ಟೇ ಕೇಳಿದ ಡಾಕ್ಟರು ಮಾತ್ರೆ ಹೆಚ್ಚಿಸಿದರೆ ತಪ್ಪು ಯಾರದು?

ಕನ್ನಡದಲ್ಲಿ ನೋವಿಗೆ ಇರುವ ಪದಗಳನ್ನು ಎಣಿಸಿ ನೋಡಿ: ತಲೆ ಸಿಡಿಯುತ್ತದೆ, ಕಾಲು ಸೆಳೆಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಹೊಟ್ಟೆ ನುಲಿಯುತ್ತದೆ, ಎದೆ ಹಿಂಡುತ್ತದೆ, ಪಕ್ಕೆಯಲ್ಲಿ ಚಳುಕು ಹೊಡೆಯುತ್ತದೆ, ಅಂಗಾಲು ಉರಿಯುತ್ತದೆ, ಕೈ ಜೋಮು ಹಿಡಿಯುತ್ತದೆ. ಧಾರವಾಡದ ಕಡೆಯವರ ‘ಬ್ಯಾನಿ’ ಬೇರೆ ಇದೆ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ನಿಂತು ಕನ್ನಡದ ಸಂಪತ್ತನ್ನು ಕೊಂಡಾಡುವ ನಾವು, ಆ ಸಂಪತ್ತು ನಿಜಕ್ಕೂ ಒಂದು ಜೀವಕ್ಕೆ ನೆರವಾಗಬಹುದಾದ ಆಸ್ಪತ್ರೆಯ ಕೋಣೆಯಲ್ಲಿ ಅದನ್ನು ಒಂದೇ ‘ದರ್ದ್’ನಲ್ಲಿ ಮುಳುಗಿಸುವುದು ಯಾವ ಭಾಷಾಭಿಮಾನ?

ಇನ್ನೂ ನೀಚವಾದದ್ದೊಂದುಂಟು. ಮಾತ್ರೆ ಕೊಟ್ಟ ಮೇಲೂ ನರಳುವ ಹಿರಿಯರಿಗೆ ‘ನಾಟಕ’ ಎಂದೂ ‘ಮಾತ್ರೆಯ ಚಟ’ ಎಂದೂ ಹೆಸರಿಡುವುದು. ವೇದನೆಯ ಮೇಲೆ ಅಪವಾದವನ್ನೂ ಹೊರಿಸಿದರೆ ಆ ಜೀವ ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿದ ರೋಗಿಯಿಂದ ಯಾವ ವೈದ್ಯನೂ ಏನನ್ನೂ ತಿಳಿಯಲಾರ.

ಔಷಧದಂಗಡಿಯವರನ್ನೂ ಬಿಡುವಂತಿಲ್ಲ. ಟ್ರಮಡಾಲ್ 2014ರಿಂದ ಎಚ್-1 ಅನುಸೂಚಿಯಲ್ಲಿದೆ. ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರುಗಳನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. 2018ರ ಏಪ್ರಿಲ್‌ನಲ್ಲಿ ಅದನ್ನು ಮಾದಕ ವಸ್ತುಗಳ ಕಾಯಿದೆಯ ವ್ಯಾಪ್ತಿಗೂ ತರಲಾಯಿತು. ಹೀಗಿದ್ದೂ ಹರಿದು ಮಾಸಿದ ಹಳೆಯ ಚೀಟಿ ತೋರಿಸಿ ಮಾತ್ರೆ ಕೇಳುವ ಗಿರಾಕಿಗಳಿದ್ದಾರೆ, ಕಣ್ಣುಮುಚ್ಚಿ ಕೊಡುವ ಅಂಗಡಿಗಳೂ ಇವೆ. ನೋವು ಹೆಚ್ಚಾದರೆ ಮಾತ್ರೆ ಹೆಚ್ಚಿಸು ಎಂಬ ಮಂತ್ರವನ್ನು ವ್ಯಾಪಾರವಾಗಿಸಿದ ಅಮೆರಿಕದ ಗತಿಯನ್ನಾದರೂ ನೋಡಬಾರದೇ? 1996ರಲ್ಲಿ ಆಕ್ಸಿಕಾಂಟಿನ್ ಮಾತ್ರೆಯನ್ನು ಮಾರುಕಟ್ಟೆಗೆ ತಂದ ಪರ್ಡ್ಯೂ ಕಂಪೆನಿ 2020ರಲ್ಲಿ ನ್ಯಾಯಾಲಯದ ಮುಂದೆ ಅಪರಾಧ ಒಪ್ಪಿಕೊಳ್ಳಬೇಕಾಯಿತು. ಅಷ್ಟರಲ್ಲಿ ಲಕ್ಷಾಂತರ ಮನೆಗಳು ಹಾಳಾಗಿದ್ದವು.

ಇಷ್ಟು ಓದಿದ ಕೆಲವರು, ‘ನಾವು ಮೊದಲೇ ಹೇಳಿರಲಿಲ್ಲವೇ, ಮಾರ್ಫಿನ್ ಕೆಟ್ಟದ್ದು, ನೋವನ್ನು ಸಹಿಸಿಕೊಳ್ಳಬೇಕು’ ಎಂದು ತಲೆದೂಗಬಹುದು. ಆ ತಲೆದೂಗುವಿಕೆಯನ್ನು ನಾವು ಇನ್ನೂ ಉಗ್ರವಾಗಿ ವಿರೋಧಿಸುತ್ತೇವೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರ ವಾದವದು. ಸಹನೆಯ ಉಪದೇಶ ಮಾಡುವವರಲ್ಲಿ ಹೆಚ್ಚಿನವರು ಹಲ್ಲುನೋವಿಗೆ ರಜೆ ಹಾಕುವವರೇ. ಕ್ಯಾನ್ಸರಿನ ಕಡುವೇದನೆಗೆ ಮಾರ್ಫಿನ್‌ಗೆ ಸಾಟಿಯಾದ ಮದ್ದು ಅಪರೂಪ. ಗಸಗಸೆಯ ಗಿಡದಿಂದ ಅಫೀಮು ತೆಗೆಯಲು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರವೇ ರೈತರಿಗೆ ಲೈಸೆನ್ಸು ಕೊಡುತ್ತದೆ. ನೀಮಚ್ ಮತ್ತು ಘಾಜೀಪುರಗಳಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ಆದರೂ 1985ರ ಕಾಯಿದೆಯ ಬಳಿಕ ಲೈಸೆನ್ಸುಗಳ ಜಂಜಾಟದಲ್ಲಿ ಸಿಲುಕಿ ದೇಶದಲ್ಲಿ ಮಾರ್ಫಿನ್ ಬಳಕೆ ತೀವ್ರವಾಗಿ ಕುಸಿಯಿತು, ಸಾಯುವವರು ನರಳುತ್ತಲೇ ಸತ್ತರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮೊದಲಾದವರ ದೀರ್ಘ ಹೋರಾಟದ ನಂತರ 2014ರ ತಿದ್ದುಪಡಿಯಿಂದ ಆ ಗಂಟು ಕೊಂಚ ಸಡಿಲಾಯಿತು. ನಮ್ಮ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಇಂಥ ರೋಗಿಗಳಿಗಾಗಿಯೇ ಇವೆ. ಅತಿವೇದನೆಯ ಹೆಸರು ಹೇಳಿ ಈ ಬಾಗಿಲನ್ನು ಮತ್ತೆ ಮುಚ್ಚಹೊರಡುವುದು ಕ್ರೌರ್ಯ.

ಅತಿವೇದನೆ ಎಲ್ಲರಿಗೂ ಬರುವುದಿಲ್ಲ. ರೋಗಿಗಳಲ್ಲಿ ಅದು ಎಷ್ಟು ಸಾಮಾನ್ಯ ಎಂಬ ಬಗ್ಗೆ ತಜ್ಞರಲ್ಲೇ ಚರ್ಚೆಯಿದೆ. ಬಂದರೆ ಉಪಾಯವೂ ಇದೆ. ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುತ್ತಾರೆ, ಅದೇ ಬಳಗದ ಬೇರೆ ಔಷಧಕ್ಕೆ ಬದಲಾಯಿಸುತ್ತಾರೆ, ಬೇರೆ ಬಗೆಯ ನೋವುನಿವಾರಕ ಸೇರಿಸುತ್ತಾರೆ. ಇದೆಲ್ಲ ವೈದ್ಯರ ಕೆಲಸ. ಈ ಲೇಖನ ಓದಿ ಯಾರೂ ಮನೆಯಲ್ಲಿ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಕೂಡದು. ಹಾಗೆ ನಿಲ್ಲಿಸಿದರೆ ಬೆವರು, ನಡುಕ, ವಾಂತಿ, ಭೇದಿಗಳ ಜೊತೆ ನೋವೂ ಮರುಕಳಿಸಿ ರೋಗಿ ತತ್ತರಿಸಿಹೋಗುತ್ತಾರೆ.

ನಾವು ಮಾಡಬೇಕಾದದ್ದು ಬೇರೆ. ಪ್ರತಿ ಮನೆಯಲ್ಲೂ ಒಂದು ನೋಟ್‌ಬುಕ್ ಇರಲಿ. ನೋವು ಎಲ್ಲಿ, ಎಂಥದು, ಮುಟ್ಟಿದರೆ ಹೇಗಿದೆ, ಮಾತ್ರೆ ಹೆಚ್ಚಿಸಿದ ಮೇಲೆ ತಗ್ಗಿತೋ ಏರಿತೋ ಎಂಬುದನ್ನು ಹಿರಿಯರ ಮಾತಿನಲ್ಲಿಯೇ, ಕನ್ನಡದಲ್ಲಿಯೇ, ದಿನಾಂಕ ಹಾಕಿ ಬರೆಯಿರಿ. ಆಸ್ಪತ್ರೆಗೆ ಹೋದಾಗ ಒಂದೊಂದು ಸಾಲನ್ನೂ ಬಿಡಿಸಿ ಡಾಕ್ಟರಿಗೆ ಹೇಳಿ. ಹಿಂದಿ ಪದ ಹೊಳೆಯದಿದ್ದರೆ ಕೈಸನ್ನೆಯಿಂದ ತೋರಿಸಿ, ಅದರಲ್ಲಿ ಅವಮಾನವೇನೂ ಇಲ್ಲ. ನಮ್ಮ ಸಂಘವೂ ವರ್ಷಕ್ಕೆರಡು ನಾಟಕ, ಒಂದು ಹಬ್ಬದೂಟಕ್ಕೆ ತೃಪ್ತಿಪಡದೆ, ಕನ್ನಡ ಬಲ್ಲ ವೈದ್ಯರನ್ನು ಒಂದು ಭಾನುವಾರ ಕೂರಿಸಿ ನಮ್ಮ ನೋವಿನ ಪದಗಳಿಗೆ ಹಿಂದಿ, ಇಂಗ್ಲಿಷಿನಲ್ಲಿ ಸಮನಾದ ಪದಗಳ ಪಟ್ಟಿಯನ್ನು ಮಾಡಿಸಿ ಹಂಚಬೇಕು. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಬರಲಿ ಎಂದು ನಾವು ಒತ್ತಾಯಿಸುತ್ತೇವೆ. ಸಭಾಭವನಕ್ಕೆ ಹೊಸ ಪರದೆ ಕೊಳ್ಳುವ ಪ್ರಶ್ನೆಗಿಂತ ಇದು ತುರ್ತಿನದು.