ಆಯಿಲ್ ತಟ್ಟೆಗೆ ಬಿದ್ದ ಅಪರಿಚಿತ

ಗೆಳೆಯರೇ, ಕಳೆದ ವಾರ ಗಾಂಧಿನಗರದ ಕಡೆ ತಲೆ ಹಾಕಲಿಲ್ಲ. ಹೀಗಾಗಿ ಯಾವ ನಟಿಗೆ ಯಾವ ನಿರ್ಮಾಪಕರ ಮೇಲೆ ಮುನಿಸು ಅನ್ನೋ ಸುದ್ದಿ ಈ ಸಲ ಇಲ್ಲ. ಆದರೆ ಸಸ್ಪೆನ್ಸ್ ಇದೆ! ಕಾಶೀನಾಥ್ ಅವರ ‘ಅಪರಿಚಿತ’ (1978) ನೋಡಿ ಸೀಟಿನ ತುದಿಗೆ ಬಂದವರು ನೀವಾದರೆ ಇದನ್ನೂ ಓದಿ.

ನಮ್ಮಪ್ಪನದೊಂದು 1986ರ ಬಿಳಿ ಅಂಬಾಸಿಡರ್ ಇದೆ. ಹಳೇ ಕಾಲದ ಕಥೆಯ ಚಿತ್ರಗಳಿಗೆ ದಿನಬಾಡಿಗೆಗೆ ಹೋಗುತ್ತೆ. ಮೂರು ಸಲ ಮಂತ್ರಿಯ ಕಾರಾಗಿದೆ, ಒಂದು ಸಲ ಖಳನಾಯಕನದು. ಪೋಸ್ಟರಿನಲ್ಲಿ ಹೆಸರಿಲ್ಲ, ಆದರೂ ಮನೆ ನಡೆಸೋದು ಅದೇ. ನನ್ನ ಲೇಖನದ ಸಂಭಾವನೆ ಕಾಫಿಪುಡಿಗೇ ಸರಿ (ಸಂಪಾದಕರು ಕ್ಷಮಿಸಲಿ!). ಸೋಮವಾರ ನಂದಿಬೆಟ್ಟದ ತಿರುವುಗಳಲ್ಲಿ ಶೂಟಿಂಗ್. ಬಂದ ಅಡ್ವಾನ್ಸು ಆಗಲೇ ತಂಗಿಯ ಕಾಲೇಜು ಫೀಸಾಗಿತ್ತು.

ಶನಿವಾರ ಬೆಳಿಗ್ಗೆ ಆಯಿಲ್ ಬದಲಾಯಿಸೋಣ ಅಂತ ಕೂತೆ. ನಮ್ಮ ಗಲ್ಲಿಯಲ್ಲಿ ಗ್ಯಾಸ್ ಪೈಪಿಗೆ ಅಗೆದಿದ್ದರಿಂದ ಕಾರು ಒಂದು ಕಡೆ ವಾಲಿ ನಿಂತಿತ್ತು. ಚೇಂಬರಿನ ಡ್ರೈನ್ ಬೋಲ್ಟು ಬಿಚ್ಚಿದ್ದೇ ತಡ, ಕರೀ ಆಯಿಲ್ ಜೊತೆ ತಟ್ಟೆಗೆ ‘ಟಣ್’ ಅಂತ ಏನೋ ಬಿತ್ತು. ಎದೆ ಧಸಕ್ ಅಂತು ಕಣ್ರೀ! ಎಂಜಿನ್ ಹೊಟ್ಟೆಯೊಳಗಿಂದ ಉದುರಿದ್ದು ಅಂದ್ರೆ ಸುಮ್ನೆನಾ?

ಸೀಮೆಎಣ್ಣೆಯಲ್ಲಿ ತೊಳೆದೆ. ಕಿರುಬೆರಳ ಉಗುರಿನಷ್ಟು. ಅರ್ಧ ಸೀಳಿದ ಕೊಳವೆಯ ಹಾಗೆ, ಒಂದು ತುದಿ ದಪ್ಪ, ಇನ್ನೊಂದು ತೆಳು. ಒಳಮೈಯಲ್ಲಿ ಒಂದು ಏಣು. ಆಯಸ್ಕಾಂತ ಹಿಡಿದರೆ ಅಂಟಿಕೊಂಡಿತು, ಉಕ್ಕೇ ಸರಿ. ಪಕ್ಕದ್ಮನೆ ಅಣ್ಣ “ಪಿಸ್ಟನ್ ರಿಂಗ್ ಮುರಿದಿದೆ ಗುರು, ಎಂಜಿನ್ ಢಮಾರ್” ಅಂದ. ಮುರಿದ ತುಂಡಾದರೆ ಅಂಚು ಒರಟಾಗಿರಬೇಕಲ್ಲ? ಇದರ ಅಂಚು ನುಣ್ಣಗಿತ್ತು. ಚೂರಲ್ಲ, ಪೂರ್ತಿ ಪಾರ್ಟು.

ಹೋದ ತಿಂಗಳು ಟ್ಯಾಪೆಟ್ ಸೆಟ್ ಮಾಡಿದ ಮೆಕಾನಿಕ್ ಹುಡುಗನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಬೈದೆ. ಆಮೇಲೆ ಬಸ್ ಹತ್ತಿ ಜೆ.ಸಿ. ರೋಡಿಗೆ ಹೋದೆ.

ಸ್ಪೇರ್ಸ್ ಅಂಗಡಿ ಯಜಮಾನರು ಕನ್ನಡಕ ಕೂಡ ಹಾಕಲಿಲ್ಲ. ಬೆರಳಲ್ಲಿ ಹೊರಳಿಸಿ, “ವಾಲ್ವ್ ಲಾಕ್ ಕಣಪ್ಪ. ಜೋಡಿ ಎಲ್ಲಿ?” ಅಂದರು. ವಾಲ್ವಿನ ಕುತ್ತಿಗೆಗೆ ಇಂಥ ಎರಡು ಅರ್ಧ ಚೂರು ಕೂರುತ್ತವೆ. ಸ್ಪ್ರಿಂಗ್ ಮೇಲಕ್ಕೆ ಒತ್ತಿದಷ್ಟೂ, ಆಪಿನ ಹಾಗೆ, ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಒಂದು ಹಾರಿತೆಂದರೆ ಇನ್ನೊಂದನ್ನೂ ನಂಬೋ ಹಾಗಿಲ್ಲ. ವಾಲ್ವ್ ಸಿಲಿಂಡರಿಗೆ ಜಾರಿದರೆ ಪಿಸ್ಟನ್ ಗುದ್ದಿ ಎಂಜಿನ್ ಪಡ್ಚ. “ಗಾಡಿ ಸ್ಟಾರ್ಟ್ ಮಾಡ್ಬೇಡ. ಮೊದ್ಲು ಎಣಿಸು” ಅಂದರು.

ಅಂಗಡಿಯಿಂದಲೇ “ಅಪ್ಪಾ, ಗಾಡಿ ಮುಟ್ಬೇಡ” ಅಂತ ಫೋನ್ ಮಾಡಿದೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮನೆಗೆ ಬಂದು ಟ್ಯಾಪೆಟ್ ಕವರ್ ತೆಗೆದೆ. ನಾಲ್ಕು ಸಿಲಿಂಡರ್, ಎಂಟು ವಾಲ್ವ್, ಒಂದಕ್ಕೆರಡು ಲಾಕು. ಟಾರ್ಚ್ ಬಿಟ್ಟು ಎಣಿಸಿದೆ. 16! ಮತ್ತೆ ಎಣಿಸಿದೆ. 16! ಹಾಗಾದ್ರೆ ನನ್ನ ಕೈಲಿರೋ ಹದಿನೇಳನೇದು ಯಾರದು ಸ್ವಾಮಿ?

ಜಗಲಿ ಮೇಲಿಂದ ಅಪ್ಪ ಕೆಮ್ಮಿದರು. “ಅದು ನಂದೇ ಕಣೋ.”

2009ರಲ್ಲಂತೆ. ವಾಲ್ವಿನ ಆಯಿಲ್ ಸೀಲ್ ಹಾಕೋಕೆ ಹೆಡ್ ಇಳಿಸಿರಲಿಲ್ಲ. ವಾಲ್ವ್ ಕೆಳಗೆ ಬೀಳದಂತೆ ಪ್ಲಗ್ ತೂತಿನಿಂದ ಹಗ್ಗ ತುರುಕಿ ಕೆಲಸ ಮಾಡಿದ್ದರು. ಪುಷ್ ರಾಡ್ ತೂತುಗಳಿಗೆ ಬಟ್ಟೆ ಮುಚ್ಚೋದು ಮರೆತಿತ್ತು. ಕೈ ನಡುಗಿ ಲಾಕ್ ಅದರಲ್ಲಿ ಜಾರಿ ಕೆಳಗೆ ಹೋಯಿತು. ಹೊಸ ಜೋಡಿ ತಂದು ಹಾಕಿ ಸುಮ್ಮನಾದರು. ಇಷ್ಟು ವರ್ಷ ಚೇಂಬರಿನ ಗಸಿಯಲ್ಲಿ ಮಲಗಿದ್ದು, ಕಾರು ವಾಲಿದ್ದಕ್ಕೆ ಈಗ ಆಚೆ ಬಂದಿದೆ.

“ಯಾರ್ಗೂ ಯಾಕೆ ಹೇಳ್ಲಿಲ್ಲ?”

“ಕೈ ನಡುಗುತ್ತೆ ಅಂದ್ರೆ ಸ್ಟೀರಿಂಗ್ ಕೊಡ್ತಾರೇನೋ?”

ನಾನು ಬಾಯಿ ಮುಚ್ಚಿಕೊಂಡು ಹೊಸ ಆಯಿಲ್ ಹೊಯ್ದೆ. ಸಂಜೆ ಆ ಮೆಕಾನಿಕ್ ಹುಡುಗನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅಪ್ಪನ ವಿಷಯ ಅವನಿಗೆ ಹೇಳಲಿಲ್ಲ. ಎಣಿಸಿದ್ದು ತಪ್ಪಾಗಿತ್ತು ಅಂದೆ, ಟೀ ಕುಡಿಸಿದೆ. ಇಲ್ಲಿ ಬರೆಯೋಕೆ ಅಪ್ಪನೇ ಒಪ್ಪಿಗೆ ಕೊಟ್ಟರು, “ಊರ ಹೆಸರು ಹಾಕ್ಬೇಡ” ಅನ್ನೋ ಕರಾರಿನ ಮೇಲೆ.

ಸೋಮವಾರ ಅಂಬಾಸಿಡರ್ ನಂದಿಬೆಟ್ಟ ಹತ್ತಿತು. ಮೇಲಿನವರೆಗೂ ಅಪ್ಪನೇ ಓಡಿಸಿದರು, ನಾನು ಪಕ್ಕದಲ್ಲಿ. ಒಂದೇ ಶಾಟಿಗೆ ಏಳು ಟೇಕ್. ಕಾರಿನ ತಪ್ಪಲ್ಲ, ಸ್ಟೀರಿಂಗ್ ಪಕ್ಕದ ಗೇರ್ ಹಾಕೋಕೆ ನಾಯಕನಿಗೆ ಬರಲಿಲ್ಲ. ಯಾರು ಅಂತ ಮಾತ್ರ ಕೇಳಬೇಡಿ!